ರೌಟರ್‌ನಲ್ಲಿ ಪೋರ್ಟ್ ತೆರೆದರೂ ಮಗನಿಗೆ ಮನೆಯ ಸರ್ವರ್ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ನಿವೃತ್ತ ಶಿಕ್ಷಕ. ಇಪ್ಪತ್ತು ವರ್ಷಗಳ ಕುಟುಂಬದ ಫೋಟೊಗಳು, ನಮ್ಮ ಸೀಮೆಯಲ್ಲಿ ನಡೆದ ಯಕ್ಷಗಾನದ ವಿಡಿಯೊಗಳು ಸೇರಿ ಸುಮಾರು ಒಂದೂವರೆ ಟಿಬಿ ನನ್ನ ಬಳಿ ಇವೆ. ಮಗ ಬಿಟ್ಟುಹೋದ ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮತ್ತು ವಿಡಿಯೊಗಳನ್ನು ಮನೆಯ ಜಾಲದಲ್ಲಿ ಹಂಚುವ ಜೆಲ್ಲಿಫಿನ್ ತಂತ್ರಾಂಶ ಹಾಕಿಕೊಂಡಿದ್ದೇನೆ. ಮನೆಯ ಟಿವಿಯಲ್ಲಿ ಚೆನ್ನಾಗಿ ಬರುತ್ತದೆ. ಜರ್ಮನಿಯಲ್ಲಿರುವ ಮಗನಿಗೂ ಸಿಗಲೆಂದು ರೌಟರ್‌ನಲ್ಲಿ 8096ನೇ ಪೋರ್ಟನ್ನು (ಜೆಲ್ಲಿಫಿನ್‌ನ ಬಾಗಿಲು) ಫಾರ್ವರ್ಡ್ ಮಾಡಿದೆ, ಅಂದರೆ ಹೊರಗಿನಿಂದ ಬಂದವರನ್ನು ಸರ್ವರ್‌ಗೆ ಕಳಿಸುವಂತೆ ಮಾಡಿದೆ. ಅವನಿಗೆ ತೆರೆಯುತ್ತಲೇ ಇಲ್ಲ. ಎರಡು ಡಿಸ್ಕ್ ಹಾಕಿ, ಎರಡರಲ್ಲೂ ಒಂದೇ ದತ್ತಾಂಶ ಬರೆಯುವ ರೇಡ್ ಮಾಡಿದರೆ ಎಲ್ಲವೂ ಸುರಕ್ಷಿತವೇ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಪದೇ ಪದೇ ಹೋಗುತ್ತದೆ. ಇನ್ನೂ ನಲವತ್ತರಷ್ಟು ಮಿನಿ ಡಿವಿ ಟೇಪುಗಳು ಹಾಗೆಯೇ ಉಳಿದಿವೆ. 25,000 ರೂಪಾಯಿ ಖರ್ಚು ಮಾಡಬಲ್ಲೆ.

ಉತ್ತರ: ನೀವು ರೌಟರ್‌ನಲ್ಲಿ ಮಾಡಿದ ಕೆಲಸ ಸರಿಯಾಗಿಯೇ ಇರಬಹುದು. ಆ ರೌಟರ್‌ಗೇ ಹೊರಲೋಕದಲ್ಲಿ ಸ್ವಂತ ವಿಳಾಸವಿಲ್ಲ ಎಂಬುದು ನನ್ನ ಬಲವಾದ ಅನುಮಾನ. ಪರೀಕ್ಷಿಸುವುದು ಸುಲಭ. ರೌಟರ್‌ನ ಪುಟವನ್ನು ತೆರೆದು, ವ್ಯಾನ್ (ಹೊರಗಿನ ಸಂಪರ್ಕ) ಎಂಬ ಭಾಗದಲ್ಲಿ ಕಾಣುವ ಐಪಿ ವಿಳಾಸವನ್ನು ಬರೆದುಕೊಳ್ಳಿ. ಅನಂತರ ನಿಮ್ಮ ಐಪಿ ವಿಳಾಸವನ್ನು ತೋರಿಸುವ ಯಾವುದಾದರೂ ಜಾಲತಾಣಕ್ಕೆ ಹೋಗಿ ಅಲ್ಲಿನದನ್ನು ನೋಡಿ. ಎರಡೂ ಒಂದೇ ಆಗಿದ್ದರೆ ನನ್ನ ಅನುಮಾನ ಸುಳ್ಳು. ಬೇರೆ ಬೇರೆಯಾಗಿದ್ದು, ರೌಟರ್ ತೋರಿಸುವ ವಿಳಾಸ 100.64ರಿಂದ 100.127ರವರೆಗಿನ ಯಾವುದರಿಂದಲಾದರೂ ಅಥವಾ 10ರಿಂದ ಆರಂಭವಾಗುತ್ತಿದ್ದರೆ, ನೀವು ಸಿಜಿನ್ಯಾಟ್‌ನ ಹಿಂದೆ ಇದ್ದೀರಿ, ಅಂದರೆ ಕಂಪನಿಯು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುವ ವ್ಯವಸ್ಥೆಯಲ್ಲಿ.

ಇಂಟರ್‌ನೆಟ್ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಇರುವ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲಿ ಖಾಲಿಯಾಯಿತು. ಏಷ್ಯಾ ಪೆಸಿಫಿಕ್ ವಲಯ ಅದೇ ವರ್ಷದ ಏಪ್ರಿಲ್‌ನಲ್ಲಿ ತನ್ನ ಕೊನೆಯ ಕಂತಿಗೆ ಕೈ ಹಾಕಿತು. ಆಮೇಲೆ ಫೈಬರ್ ಎಳೆಯತೊಡಗಿದ ಕಂಪನಿಗಳ ಬಳಿ ಮನೆಗೊಂದರಂತೆ ಹಂಚಲು ವಿಳಾಸಗಳೇ ಇರಲಿಲ್ಲ. ಹಾಗಾಗಿ ಹಲವಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿದರು. ಈ ಒಳಗಿನ ಬಳಕೆಗೆಂದೇ 2012ರಲ್ಲಿ 100.64ರ ಸಾಲನ್ನು ಮೀಸಲಿಡಲಾಯಿತು. ಇದರ ಪರಿಣಾಮ ಹಾಸ್ಟೆಲ್‌ನ ಟಪಾಲಿನಂತೆ: ಹುಡುಗ ತಾನೇ ಪತ್ರ ಬರೆದು ಕಳಿಸಿದರೆ ಉತ್ತರ ಬಂದಾಗ ವಾರ್ಡನ್ ಅವನ ಕೋಣೆಗೆ ತಲುಪಿಸುತ್ತಾರೆ, ಬರೀ ಹಾಸ್ಟೆಲ್‌ನ ವಿಳಾಸಕ್ಕೆ, ಹೆಸರಿಲ್ಲದೆ ಬಂದ ಪತ್ರ ಯಾರದೆಂದು ಅವರಿಗೂ ತಿಳಿಯದು. ನಿಮ್ಮ ಮಗ ಕಳಿಸುತ್ತಿರುವುದು ಅಂಥ ಪತ್ರ. ಅದು ಕಂಪನಿಯ ಯಂತ್ರದಲ್ಲೇ ನಿಂತುಹೋಗುತ್ತದೆ. ನಿಮ್ಮ ರೌಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಅಷ್ಟೇ.

ನಿಜ ಹೇಳಬೇಕೆಂದರೆ, ಹಾಗೆ ನಿಂತುಹೋದದ್ದು ಒಳ್ಳೆಯದೇ ಆಯಿತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದುಷ್ಟ ತಂತ್ರಾಂಶವು ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಟ್ಟಿದ್ದ ಕ್ಯುನ್ಯಾಪ್ ಕಂಪನಿಯ ಸಾವಿರಾರು ಮನೆ ಸರ್ವರ್‌ಗಳೊಳಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು, ಬಿಡಿಸಲು ತಲಾ 0.03 ಬಿಟ್‌ಕಾಯಿನ್ ಕೇಳಿತು. ಹಣ ತೆರಬೇಕಾದವರಲ್ಲಿ ಬಹಳಷ್ಟು ಮಂದಿ ನಿಮ್ಮ ಹಾಗೆ ಮನೆಯ ಫೋಟೊಗಳನ್ನು ಇಟ್ಟುಕೊಂಡಿದ್ದವರು. ತೆರೆದ ಪೋರ್ಟನ್ನು ಹುಡುಕುವವರು ಮನುಷ್ಯರಲ್ಲ. ಜಗತ್ತಿನ ಎಲ್ಲ ವಿಳಾಸಗಳನ್ನೂ ಹಗಲಿರುಳು ತಟ್ಟಿ ನೋಡುತ್ತಿರುವ ಯಂತ್ರಗಳು. ಸಾಗರದ ಹಳ್ಳಿಯೊಂದರ ಮನೆ ಯಾರ ಕಣ್ಣಿಗೂ ಬೀಳದು ಎಂಬ ಧೈರ್ಯಕ್ಕೆ ಅಲ್ಲಿ ಬೆಲೆಯಿಲ್ಲ. ಆದ್ದರಿಂದ 8096ರ ಆ ನಿಯಮವನ್ನು ಇಂದೇ ಅಳಿಸಿಹಾಕಿ. ಮನೆಯಲ್ಲಿ ಸಿಸಿಟಿವಿ ಇದ್ದರೆ, ಅದನ್ನು ಜೋಡಿಸಿದವರು ನಿಮಗೆ ಹೇಳದೆ ಇಂಥದೇ ಪೋರ್ಟ್ ತೆರೆದಿದ್ದಾರೆಯೇ, ಪಾಸ್‌ವರ್ಡನ್ನು ಕಾರ್ಖಾನೆಯಿಂದ ಬಂದಂತೆಯೇ ಬಿಟ್ಟಿದ್ದಾರೆಯೇ ಎಂಬುದನ್ನೂ ನೋಡಿ. 2016ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಕೆಡವಿದ ಮಿರಾಯ್ ದಾಳಿ ನಡೆದದ್ದು ಅಂಥ ಕ್ಯಾಮೆರಾ ಮತ್ತು ಡಿವಿಆರ್‌ಗಳ ಹೆಗಲ ಮೇಲಿಂದಲೇ.

ಹಾಗಾದರೆ ಮಗನಿಗೆ ದಾರಿ? ಕಂಪನಿಗೆ ತಿಂಗಳಿಗಿಷ್ಟು ಎಂದು ಕಟ್ಟಿ ನಿಮ್ಮದೇ ಆದ ಬದಲಾಗದ ವಿಳಾಸ, ಅಂದರೆ ಸ್ಥಿರ ಐಪಿ, ಪಡೆಯಬಹುದು, ಆದರೆ ಅದು ಈಗ ಹೇಳಿದ ಅಪಾಯವನ್ನೇ ದುಡ್ಡು ಕೊಟ್ಟು ಕೊಂಡಂತೆ. ನಿಮ್ಮ ಮಟ್ಟಿಗೆ ಸರಿಯಾದದ್ದು, ದೂರದ ಯಂತ್ರಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಟೇಲ್‌ಸ್ಕೇಲ್. ಇದು ವೈರ್‌ಗಾರ್ಡ್ ಎಂಬ ಗೂಢಲಿಪಿ ಸುರಂಗದ ಮೇಲೆ ಕಟ್ಟಿದ ವ್ಯವಸ್ಥೆ; ವೈರ್‌ಗಾರ್ಡ್ 2020ರಿಂದ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಭಾಗವೇ ಆಗಿದೆ. ಸರ್ವರ್‌ನಲ್ಲಿ ಒಮ್ಮೆ, ಮಗನ ಫೋನಿನಲ್ಲಿ ಒಮ್ಮೆ ಹಾಕಿ ಒಂದೇ ಖಾತೆಯಿಂದ ಪ್ರವೇಶಿಸಿದರೆ ಮುಗಿಯಿತು. ಎರಡೂ ಯಂತ್ರಗಳು ತಾವಾಗಿಯೇ ಹೊರಗೆ ಮಾತಾಡುತ್ತವೆ. ನಡುವಿನ ಸರ್ವರ್ ಒಂದು ಅವುಗಳ ಪರಿಚಯ ಮಾಡಿಸುತ್ತದೆ. ಬಳಿಕ ಅವು ನೇರವಾಗಿ ಜೋಡಿಯಾಗುತ್ತವೆ. ಎರಡೂ ತುದಿಯಿಂದ ಪತ್ರ ಹೊರಟಿರುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಜರ್ಮನಿಯ ಹಲವು ಕೇಬಲ್ ಕಂಪನಿಗಳು ಕೂಡ ಗ್ರಾಹಕರಿಗೆ ಐಪಿವಿ4 ವಿಳಾಸವನ್ನು ಹಂಚಿಯೇ ಕೊಡುವುದರಿಂದ ಕೆಲವೊಮ್ಮೆ ನೇರ ಜೋಡಣೆ ಆಗದೆ ನಡುವಿನ ಯಂತ್ರವೊಂದರ ಮೂಲಕ ಸಾಗಬಹುದು. ಆಗ ವೇಗ ತಗ್ಗುತ್ತದೆ, ಗುಟ್ಟು ರಟ್ಟಾಗುವುದಿಲ್ಲ: ಬೀಗದ ಕೈಗಳು ನಿಮ್ಮ ಯಂತ್ರಗಳಲ್ಲೇ ಉಳಿದಿರುತ್ತವೆ. ಒಂದು ಕುಟುಂಬದ ಬಳಕೆಗೆ ಉಚಿತ ಯೋಜನೆಯೇ ಸಾಕು. ಯಾವುದೋ ಕಂಪನಿಯ ಖಾತೆಯನ್ನು ನಂಬುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಹೆಡ್‌ಸ್ಕೇಲ್ ಎಂಬ ಮುಕ್ತ ಪರ್ಯಾಯವೂ ಇದೆ, ಆದರೆ ಅದನ್ನು ನಡೆಸಲು ಸಾರ್ವಜನಿಕ ವಿಳಾಸವಿರುವ ಬಾಡಿಗೆ ಯಂತ್ರವೊಂದು ಬೇಕು. ಈಗಲೇ ಆ ಹೊರೆ ಬೇಡ.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಸಂಪರ್ಕದಲ್ಲಿ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಚಾಲನೆಯಲ್ಲಿದ್ದರೆ ಪ್ರತಿ ಯಂತ್ರಕ್ಕೂ ಅದರದೇ ಸಾರ್ವಜನಿಕ ವಿಳಾಸ ಸಿಗುತ್ತದೆ. ಆಗ ರಕ್ಷಣೆ ರೌಟರ್‌ನ ಐಪಿವಿ6 ಫೈರ್‌ವಾಲ್ ಒಂದೇ. ಅದು ಚಾಲೂ ಇದೆಯೇ ನೋಡಿ. ಯಂತ್ರಗಳು ತಾವೇ ಪೋರ್ಟ್ ತೆರೆಯಲು ಬಿಡುವ ಯುಪಿಎನ್‌ಪಿ ಮತ್ತು ಗುಂಡಿ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಎರಡನ್ನೂ ಆಫ್ ಮಾಡಿ.

ಇನ್ನು ನೀವು ಕೇಳಿದ ರೇಡ್ ವಿಚಾರ. ಒಂದೇ ಮಾತಿನಲ್ಲಿ ಹೇಳುವುದಾದರೆ: ಬೇಡ. ರೇಡ್ ಒಂದು ಡಿಸ್ಕ್ ಸತ್ತರೂ ಸೇವೆ ನಿಲ್ಲದಿರಲಿ ಎಂಬ ಉದ್ದೇಶದ್ದು. ಅಂಗಡಿ, ಆಸ್ಪತ್ರೆ, ಬ್ಯಾಂಕುಗಳಿಗೆ ಅದು ಬೇಕು. ನಿಮ್ಮ ಮನೆಯಲ್ಲಿ ಎರಡು ದಿನ ಫೋಟೊ ಸಿಗದಿದ್ದರೆ ಯಾರಿಗೂ ನಷ್ಟವಿಲ್ಲ. ಎಂದೆಂದಿಗೂ ಸಿಗದಿದ್ದರೆ ನಷ್ಟ. ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ರೇಡ್ ಅದನ್ನು ಎರಡೂ ಡಿಸ್ಕ್‌ಗಳಿಂದ ಅದೇ ಗಳಿಗೆಯಲ್ಲಿ, ಅಷ್ಟೇ ವಿಧೇಯತೆಯಿಂದ ಅಳಿಸುತ್ತದೆ. ಬೀಗ ಜಡಿಯುವ ತಂತ್ರಾಂಶ ಬಂದರೂ ಹಾಗೆಯೇ. ಸಿಡಿಲು ಬಡಿದರೆ ಒಂದೇ ಪೆಟ್ಟಿಗೆಯಲ್ಲಿರುವ ಎರಡೂ ಒಟ್ಟಿಗೆ ಸುಟ್ಟುಹೋಗುತ್ತವೆ. ಎರಡು ಡಿಸ್ಕ್ ಕೊಳ್ಳುವ ಹಣವಿದ್ದರೆ ಎರಡನ್ನು ಕೊಳ್ಳಿ, ಆದರೆ ಒಂದನ್ನು ಮಾತ್ರ ಸರ್ವರ್‌ಗೆ ಜೋಡಿಸಿ.

ನಕಲು ಇಡುವ ಈ ಕೆಲಸಕ್ಕೇ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಮನೆ ಸರ್ವರ್ ಮಾಡುವವರು ಸಾಮಾನ್ಯವಾಗಿ ಹೊರಗಿನಿಂದ ತೆರೆಯುವಂತಾದ ದಿನ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಕ್ಲೌಡ್‌ನಲ್ಲಿ, ಅಂದರೆ ಕಂಪನಿಗಳ ಸರ್ವರ್‌ಗಳಲ್ಲಿ ಇಟ್ಟ ಫೋಟೊಗಳ ನಕಲು ಮಾಡುವ, ಕೆಟ್ಟ ಡಿಸ್ಕ್ ಬದಲಿಸುವ ಹೊಣೆಯನ್ನು ಇಷ್ಟು ದಿನ ಬೇರೆ ಯಾರೋ ಹೊತ್ತಿದ್ದರು. ಈಗ ಆ ನೌಕರಿ ನಿಮ್ಮದು. ನಿಮ್ಮ ಸಂಗ್ರಹದ ಮಟ್ಟಿಗೆ ನಾನು ಸೂಚಿಸುವ ಏರ್ಪಾಡು ಹೀಗಿದೆ. ಸರ್ವರ್‌ಗೆ ಯುಎಸ್‌ಬಿ ಮೂಲಕ 4 ಟಿಬಿಯ ಒಂದು ಡಿಸ್ಕ್. ಅಷ್ಟೇ ಅಳತೆಯ ಇನ್ನೊಂದು ಡಿಸ್ಕ್ ಬೀರುವಿನಲ್ಲಿ. ತಿಂಗಳಿಗೊಮ್ಮೆ ಹೊರತೆಗೆದು ರೆಸ್ಟಿಕ್ ಎಂಬ ತಂತ್ರಾಂಶದಿಂದ ನಕಲು ಮಾಡಿ ಮತ್ತೆ ಒಳಗಿಡಬೇಕು. ರೆಸ್ಟಿಕ್ ಹಿಂದಿನ ತಿಂಗಳುಗಳ ಸ್ಥಿತಿಯನ್ನೂ ಉಳಿಸಿಕೊಳ್ಳುವುದರಿಂದ ಮಾರ್ಚ್‌ನಲ್ಲಿ ಅಳಿಸಿದ ಫೋಟೊವನ್ನು ಜುಲೈನಲ್ಲೂ ಮರಳಿ ಪಡೆಯಬಹುದು. ಮಲೆನಾಡಿನ ಮಳೆಗಾಲಕ್ಕೆ ಆ ಡಿಸ್ಕ್ ಸಿಲಿಕಾ ಜೆಲ್ ಚೀಲದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿರಲಿ. ಸದಾ ಚಾಲೂ ಇರುವ ಸರ್ವರ್ ತನ್ನ ಬಿಸಿಯಿಂದ ತಾನೇ ಒಣಗಿರುತ್ತದೆ. ಥಂಡಿಗೆ ಹಾಳಾಗುವುದು ಸುಮ್ಮನೆ ಎತ್ತಿಟ್ಟ ಸಾಮಾನು.

ಮೂರನೆಯ ನಕಲು ಮನೆಯ ಹೊರಗಿರಬೇಕು, ಮತ್ತು ಅದಕ್ಕೆ ನಿಮ್ಮ ಮಗನೇ ಇದ್ದಾನೆ. ಆದರೆ ಮೊದಲ ನಕಲನ್ನು ಇಂಟರ್‌ನೆಟ್ ಮೂಲಕ ಕಳಿಸಲು ಹೋಗಬೇಡಿ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಎಂದಿಟ್ಟುಕೊಂಡರೆ ಒಂದು ಟಿಬಿ ಹೋಗಲು ಬಿಡುವಿಲ್ಲದೆ ನಾಲ್ಕೂವರೆ ದಿನ ಬೇಕು, ನಿಮ್ಮ ಒಂದೂವರೆ ಟಿಬಿಗೆ ಏಳು ದಿನ. ಅವನು ರಜೆಗೆ ಬಂದಾಗ ಡಿಸ್ಕ್‌ಗೆ ತುಂಬಿಸಿ, ರೆಸ್ಟಿಕ್‌ನ ಪಾಸ್‌ವರ್ಡ್ ಸಮೇತ ಸೂಟ್‌ಕೇಸಿನಲ್ಲಿ ಕಳಿಸಿಕೊಡಿ. ಅಲ್ಲಿ ಅವನು ಅದನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಜೋಡಿಸಿದರೆ, ಮುಂದೆ ಹೊಸದಾಗಿ ಸೇರಿದ ಭಾಗ ಮಾತ್ರ ಟೇಲ್‌ಸ್ಕೇಲ್ ಮೂಲಕ ರಾತ್ರಿ ಹೊತ್ತು ಹೋಗುತ್ತಿರುತ್ತದೆ. ವರ್ಷಕ್ಕೆರಡು ಬಾರಿಯಾದರೂ ಯಾವುದಾದರೊಂದು ಹಳೆಯ ಫೋಲ್ಡರನ್ನು ನಕಲಿನಿಂದ ಹೊರತೆಗೆದು ತೆರೆದು ನೋಡಿ. ತೆರೆದು ನೋಡದ ನಕಲನ್ನು ನಾನು ನಕಲೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಳೆಯ ಡೆಸ್ಕ್‌ಟಾಪ್ ಈ ಕೆಲಸಕ್ಕೆ ತಕ್ಕದ್ದಲ್ಲ. ವೇಗ ಸಾಲದೆಂದಲ್ಲ, ಕರೆಂಟ್ ಹೆಚ್ಚು ತಿನ್ನುತ್ತದೆಂದು. ಸುಮ್ಮನೆ ಕುಳಿತಾಗಲೂ ಅದು 70 ವ್ಯಾಟ್ ಬಳಸಿದರೆ ತಿಂಗಳಿಗೆ 50 ಯೂನಿಟ್ ಆಯಿತು. ಹತ್ತು ವ್ಯಾಟ್‌ನ ಮಿನಿ ಪಿಸಿ ಬಳಸುವುದು ಏಳು ಯೂನಿಟ್ ಚಿಲ್ಲರೆ. ನೀವು ಗೃಹಜ್ಯೋತಿ ಯೋಜನೆಯಲ್ಲಿದ್ದರೆ ಇದು ಇನ್ನೂ ಮುಖ್ಯ: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕಾಗುತ್ತದೆ, 150ರಲ್ಲಿರುವ ಮನೆಯನ್ನು ಆ ಗಡಿಗೆ ತಂದು ನಿಲ್ಲಿಸಲು ಈ ಡೆಸ್ಕ್‌ಟಾಪ್ ಒಂದೇ ಸಾಕು. ಇಂಟೆಲ್ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿ, ಅಥವಾ ಕಚೇರಿಗಳಿಂದ ಹೊರಬಂದ ಎಂಟನೇ ತಲೆಮಾರಿನ ಐ5 ಇರುವ ಪುಸ್ತಕದ ಗಾತ್ರದ ಯಂತ್ರ ಸಾಕು. ಎರಡನೆಯ ಬಗೆಯವು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಕೊಳ್ಳುವಾಗ ಅದರದೇ ಅಡಾಪ್ಟರ್ ಜೊತೆಗಿದೆಯೇ ಎಂದು ಕೇಳಿ. ಈ ಇಂಟೆಲ್ ಚಿಪ್‌ಗಳಲ್ಲಿರುವ ಕ್ವಿಕ್ ಸಿಂಕ್ ಸೌಲಭ್ಯದಿಂದ ಜೆಲ್ಲಿಫಿನ್ ವಿಡಿಯೊವನ್ನು ಮಗನ ಸಂಪರ್ಕಕ್ಕೆ ಹೊಂದುವಂತೆ ಸ್ಥಳದಲ್ಲೇ ಕುಗ್ಗಿಸಿ ಕಳಿಸಬಲ್ಲದು. ಬಜೆಟ್ ಬಿಗಿಯೆನಿಸಿದರೆ ಯಂತ್ರದ ಮೇಲಿನ ಖರ್ಚು ಉಳಿಸಿ, ಡಿಸ್ಕ್‌ನ ಮೇಲಿನದನ್ನು ಉಳಿಸಬೇಡಿ.

ಕರೆಂಟ್ ಹೋಗುವುದಕ್ಕಿಂತ ಅದು ಹೋಗಿ ಬರುವ ಆಟ ಕೆಟ್ಟದ್ದು. ಬರೆಯುತ್ತಿರುವಾಗ ಡಿಸ್ಕ್ ನಿಂತರೆ ಲಿನಕ್ಸ್‌ನ ಎಕ್ಸ್ಟ್4 ಕಡತ ವ್ಯವಸ್ಥೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಡೇಟಾಬೇಸ್‌ಗಳ ವಿಷಯದಲ್ಲಿ ಅಷ್ಟು ಭರವಸೆ ಸಲ್ಲದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂಬದಿಯಲ್ಲಿರುವ ಗುಂಡಿಯನ್ನು ಯುಪಿಎಸ್ ಸ್ಥಿತಿಯಲ್ಲಿಡಿ. ಸಾಮಾನ್ಯ ಸ್ಥಿತಿಯಲ್ಲಿ ಮೇನ್ಸ್‌ನಿಂದ ಬ್ಯಾಟರಿಗೆ ಬದಲಾಗಲು ಅದು ತೆಗೆದುಕೊಳ್ಳುವ ಅರೆಕ್ಷಣ ಫ್ಯಾನಿಗೆ ತಿಳಿಯುವುದಿಲ್ಲ, ಕಂಪ್ಯೂಟರಿಗೆ ತಿಳಿಯುತ್ತದೆ. ಇನ್ವರ್ಟರ್ ಇಲ್ಲದಿದ್ದರೆ 600 ವಿಎಯ ಸಣ್ಣ ಯುಪಿಎಸ್ ಸಾಕು. ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವಂಥದ್ದನ್ನೇ ಕೊಳ್ಳಿ. ನಟ್ ಎಂಬ ತಂತ್ರಾಂಶ ಬ್ಯಾಟರಿ ತಳ ಮುಟ್ಟುವ ಮೊದಲೇ ಸರ್ವರನ್ನು ಕ್ರಮವಾಗಿ ಮುಚ್ಚುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನ ಹಿಂದೆ ಯುಪಿಎಸ್ ಇಡುವವರು ಮಾತ್ರ ಮೊದಲು ಪರೀಕ್ಷಿಸಬೇಕು: ಕೆಲವು ಯುಪಿಎಸ್‌ಗಳು ಆ ವಿದ್ಯುತ್ತನ್ನು ಒಪ್ಪದೆ ತಮ್ಮ ಬ್ಯಾಟರಿಯನ್ನೇ ಖಾಲಿ ಮಾಡಿಕೊಂಡು ಕೂರುತ್ತವೆ. ಕರೆಂಟ್ ಮರಳಿದಾಗ ಯಂತ್ರ ತಾನಾಗಿ ಏಳುವಂತೆ ಬಯೋಸ್‌ನಲ್ಲಿ (ಯಂತ್ರ ಹೊತ್ತಿಕೊಳ್ಳುವಾಗ ತೆರೆಯುವ ಸೆಟ್ಟಿಂಗ್‌ಗಳಲ್ಲಿ) ಹೇಳಿಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನೀವು ಊರಲ್ಲಿಲ್ಲದಾಗ ಗುಂಡಿ ಒತ್ತಲು ಪಕ್ಕದ ಮನೆಯವರನ್ನು ಕರೆಯಬೇಕಾಗುತ್ತದೆ.

ಸಿಡಿಲಿನ ವಿಷಯದಲ್ಲಿ ಫೈಬರ್ ನಮಗೊಂದು ಉಪಕಾರ ಮಾಡಿದೆ. ಮೊದಲು ದೂರವಾಣಿಯ ತಾಮ್ರದ ತಂತಿಯಲ್ಲಿ ಬಂದ ಸಿಡಿಲು ಮಲೆನಾಡಿನಲ್ಲಿ ಅದೆಷ್ಟೋ ಮೋಡೆಮ್‌ಗಳನ್ನು ಸುಟ್ಟಿದೆ. ಗಾಜಿನ ಎಳೆ ವಿದ್ಯುತ್ತನ್ನು ಹೊರುವುದಿಲ್ಲ. ಇನ್ನು ಉಳಿದ ದಾರಿ ಕರೆಂಟ್ ತಂತಿಯದು. ಅದಕ್ಕೆ ಮನೆಯ ಅರ್ಥಿಂಗ್ ಸರಿಯಿರಬೇಕು. ಅರ್ಥಿಂಗ್ ಇಲ್ಲದ ಕಡೆ ಸರ್ಜ್ ಪ್ರೊಟೆಕ್ಟರ್ ಬಹುಪಾಲು ಬರೀ ಪ್ಲಗ್ ಪಟ್ಟಿ. ಗುಡುಗು ಜೋರಾದಾಗ ಪ್ಲಗ್ ಕೀಳುವ ನಮ್ಮ ಹಳೆಯ ಅಭ್ಯಾಸವನ್ನು ಬಿಡಬೇಡಿ, ಸರ್ವರನ್ನು ಮುಚ್ಚಿ ಆಮೇಲೆ ಕಿತ್ತರಾಯಿತು.

ಮನೆಯೊಳಗಿನ ಜಾಲದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಸಂಗತಿ ನೋಡಿಕೊಳ್ಳಿ. ಕಂಪನಿಯವರು ಕೊಡುವ ಎಷ್ಟೋ ಫೈಬರ್ ಪೆಟ್ಟಿಗೆಗಳಲ್ಲಿ ಒಂದು ಲ್ಯಾನ್ ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100 ಎಂಬಿಪಿಎಸ್. ನಿಮ್ಮ ಒಂದೂವರೆ ಟಿಬಿಯನ್ನು ಹೊಸ ಯಂತ್ರಕ್ಕೆ ಜಾಲದ ಮೂಲಕ ವರ್ಗಾಯಿಸಲು ಗಿಗಾಬಿಟ್‌ನಲ್ಲಿ ನಾಲ್ಕು ತಾಸು ಸಾಕು. 100ರ ಪೋರ್ಟ್‌ನಲ್ಲಿ ಒಂದೂವರೆ ದಿನ. ಐದು ಪೋರ್ಟ್‌ನ ಗಿಗಾಬಿಟ್ ಸ್ವಿಚ್ ಒಂದನ್ನು ತಂದು ಸರ್ವರ್, ಟಿವಿ, ಕಂಪ್ಯೂಟರ್ ಮೂರನ್ನೂ ಅದಕ್ಕೆ ಜೋಡಿಸಿ. ಹಾಗೆ ಮಾಡಿದರೂ ವೇಗ 100ರಲ್ಲೇ ನಿಂತರೆ ಕೇಬಲ್‌ನ ತುದಿಯನ್ನು ಅನುಮಾನಿಸಿ. ಗಿಗಾಬಿಟ್‌ಗೆ ಎಂಟೂ ಎಳೆಗಳು ಬೇಕು, 100ಕ್ಕೆ ನಾಲ್ಕು ಸಾಕು. ಒಂದು ಎಳೆ ಸಡಿಲವಾದರೂ ಸಂಪರ್ಕ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಅಗ್ಗದ ಕೇಬಲ್‌ಗಳಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುತ್ತದೆ, ಅವುಗಳ ಎಳೆ ಬೇಗ ಮುರಿಯುತ್ತದೆ. ಪೂರ್ತಿ ತಾಮ್ರದ್ದನ್ನೇ ಕೇಳಿ ತನ್ನಿ. ಜಂಬಿಟ್ಟಿಗೆಯ ದಪ್ಪ ಗೋಡೆಯ ಮನೆಯಾದರೆ ವೈಫೈ ರಿಪೀಟರ್‌ಗೆ ಹಣ ಹಾಕಬೇಡಿ. ಹಿಂದಿನ ಕೋಣೆಯವರೆಗೆ ಕೇಬಲ್ ಎಳೆದು ಅಲ್ಲಿ ಎರಡನೆಯ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಇಡುವುದೇ ಮೇಲು. ಸರ್ವರ್‌ಗೆ ಸದಾ ಒಂದೇ ವಿಳಾಸ ಸಿಗುವಂತೆ ರೌಟರ್‌ನಲ್ಲಿ ಮನೆಯ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಭಾಗದಲ್ಲಿ ಮೀಸಲಿಡಿ.

ತಂತ್ರಾಂಶಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಹಾಕಿ, ಅದರ ಮೇಲೆ ಸರ್ವರ್ ನಿಭಾಯಿಸುವ ಓಪನ್‌ಮೀಡಿಯಾವಾಲ್ಟ್ ಇರಲಿ. ಬ್ರೌಸರ್‌ನಲ್ಲೇ ಎಲ್ಲವನ್ನೂ ನಿಭಾಯಿಸಬಹುದು. ಯಕ್ಷಗಾನಕ್ಕೆ ನಿಮಗೆ ಪರಿಚಯವಿರುವ ಜೆಲ್ಲಿಫಿನ್, ಫೋಟೊಗಳಿಗೆ ಇಮ್ಮಿಚ್. ಇಮ್ಮಿಚ್ ಮುಖಗಳನ್ನು ಗುರುತಿಸಿ ಗುಂಪು ಮಾಡುತ್ತದೆ, ಫೋನಿನಲ್ಲಿ ತೆಗೆದದ್ದನ್ನು ತಾನೇ ಸರ್ವರ್‌ಗೆ ಸೇರಿಸುತ್ತದೆ. ಅದರ ಆಲ್ಬಂ, ಹೆಸರು, ಮುಖಗಳ ಮಾಹಿತಿ ಬೇರೆಯೇ ಡೇಟಾಬೇಸ್‌ನಲ್ಲಿರುತ್ತದೆ, ಆದ್ದರಿಂದ ನಕಲು ಮಾಡುವಾಗ ಫೋಟೊಗಳ ಜೊತೆ ಡೇಟಾಬೇಸ್‌ನ ಪ್ರತಿಯೂ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಭದ್ರತಾ ಪರಿಷ್ಕರಣೆಗಳು ತಾವಾಗಿ ಬರುವಂತೆ ಮಾಡಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ರೀಅಲೊಕೇಟೆಡ್ (ಕೆಟ್ಟು ಬದಲಿಸಲಾದ) ಸೆಕ್ಟರ್‌ಗಳ ಸಂಖ್ಯೆ ಏರತೊಡಗಿದರೆ ಡಿಸ್ಕ್ ಬದಲಿಸಿ, ಕಾಯಬೇಡಿ.

ಕೊನೆಗೆ ನಿಮ್ಮ ಟೇಪುಗಳು. ಆ ಹಳೆಯ ಡೆಸ್ಕ್‌ಟಾಪನ್ನು ಮಾರಬೇಡಿ ಎನ್ನುವುದು ಇದಕ್ಕಾಗಿಯೇ. ಮಿನಿ ಡಿವಿ ಟೇಪಿನಲ್ಲಿರುವುದು ಮೊದಲೇ ಡಿಜಿಟಲ್ ದತ್ತಾಂಶ. ಅದನ್ನು ಹಳೆಯ ಕ್ಯಾಮೆರಾಗಳ ಡಿಜಿಟಲ್ ಸಂಪರ್ಕವಾದ ಫೈರ್‌ವೈರ್ ತಂತಿಯಿಂದ ತೆಗೆದರೆ ಒಂದು ಬಿಟ್ ಕೂಡ ಬದಲಾಗದೆ ಬರುತ್ತದೆ. ಹಳದಿ, ಕೆಂಪು, ಬಿಳಿ ಪಿನ್‌ಗಳ ಯುಎಸ್‌ಬಿ ಸಾಧನದಿಂದ ತೆಗೆದರೆ ಅನಲಾಗ್‌ಗೆ ತಿರುಗಿ ಮತ್ತೆ ಡಿಜಿಟಲ್ ಆಗುವಷ್ಟರಲ್ಲಿ ಚಿತ್ರ ಮಂಕಾಗುತ್ತದೆ. ಹೊಸ ಮಿನಿ ಪಿಸಿಗಳಲ್ಲಿ ಫೈರ್‌ವೈರ್ ಇಲ್ಲ, ಕಾರ್ಡ್ ಹಾಕಲು ಜಾಗವೂ ಇಲ್ಲ. ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಆ ಜಾಗ ಇದೆ. ಒಂದು ಫೈರ್‌ವೈರ್ ಕಾರ್ಡ್, ಕಾರ್ಡ್‌ನ ಕಡೆ ಆರು ಪಿನ್ನು ಮತ್ತು ಕ್ಯಾಮೆರಾದ ಕಡೆ ನಾಲ್ಕು ಪಿನ್ನಿನ ಕೇಬಲ್, ಕೆಲಸ ಮಾಡುವ ಕ್ಯಾಮೆರಾ, ಟೇಪಿನಿಂದ ಕಡತ ಮಾಡಿಕೊಳ್ಳುವ ಲಿನಕ್ಸ್‌ನ ಡಿವಿಗ್ರ್ಯಾಬ್ ತಂತ್ರಾಂಶ ಇಷ್ಟಿದ್ದರೆ ಸಾಕು. ಕೇಬಲ್ ಸಿಕ್ಕಿಸುವಾಗ ಕ್ಯಾಮೆರಾ, ಕಂಪ್ಯೂಟರ್ ಎರಡೂ ಆಫ್ ಆಗಿರಲಿ; ಚಾಲೂ ಇರುವಾಗ ಸಿಕ್ಕಿಸಿ ಕ್ಯಾಮೆರಾದ ಪೋರ್ಟ್ ಸುಟ್ಟುಕೊಂಡವರಿದ್ದಾರೆ.

ಒಂದು ಗಂಟೆಯ ಟೇಪು ಹೊರಬರಲು ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಆಗುತ್ತದೆ. ನಲವತ್ತು ಟೇಪುಗಳಿಗೆ 520 ಜಿಬಿ. 4 ಟಿಬಿಯಲ್ಲಿ ಧಾರಾಳವಾಗಿ ಹಿಡಿಸುತ್ತದೆ. ಮೂಲ ಡಿವಿ ಕಡತವನ್ನು ಹಾಗೆಯೇ ಉಳಿಸಿ, ನೋಡುವುದಕ್ಕೆಂದು ವಿಡಿಯೊವನ್ನು ಕುಗ್ಗಿಸುವ ಎಚ್.264 ವಿಧಾನದಲ್ಲಿ ಸಣ್ಣ ಪ್ರತಿ ಮಾಡಿಕೊಳ್ಳಿ. ರಾತ್ರಿಯಿಡೀ ನಡೆದ ಆಟಗಳು ಹಲವು ಟೇಪುಗಳಲ್ಲಿ ಹಂಚಿಹೋಗಿರುತ್ತವೆ, ಆದ್ದರಿಂದ ಕಡತದ ಹೆಸರಿನಲ್ಲೇ ವರ್ಷ, ಪ್ರಸಂಗ, ಟೇಪಿನ ಕ್ರಮಸಂಖ್ಯೆ ಬರಲಿ. ಭಾಗವತರು ಯಾರು, ವೇಷಧಾರಿಗಳು ಯಾರು ಎಂಬುದನ್ನು ಪಕ್ಕದಲ್ಲೇ ಒಂದು ಪಠ್ಯ ಕಡತದಲ್ಲಿ ಬರೆದಿಡಿ. ಟೇಪನ್ನು ಹಾಕುವ ಮೊದಲು ಬೆಳಕಿಗೆ ಹಿಡಿದು ಅಂಚು ನೋಡಿ. ಬಿಳಿ ಬೂಷ್ಟು ಕಂಡರೆ ಅದನ್ನು ಕ್ಯಾಮೆರಾಕ್ಕೆ ಹಾಕಲೇಬೇಡಿ: ಬೂಷ್ಟು ಟೇಪು ಓದುವ ಹೆಡ್‌ಗೆ ಅಂಟಿ ಮುಂದಿನ ಒಳ್ಳೆಯ ಟೇಪುಗಳಿಗೂ ಹರಡುತ್ತದೆ. ಅಂಥವನ್ನು ಬೇರೆ ಡಬ್ಬಿಯಲ್ಲಿ ಒಣಗಿಸಿಟ್ಟು, ಚೆನ್ನಾಗಿರುವವೆಲ್ಲ ಮುಗಿದ ಮೇಲೆ, ಟೇಪು ಶುಚಿ ಮಾಡಿಕೊಡುವವರ ಕೈಗೆ ಕೊಡಿ.